ಪೋಸ್ಟರ್ ಹೊಲದ ಹುಳಗಳು

ದೇಶವನ್ನು ಹೊಗಳುವುದೇ ಅವನ ನೌಕರಿ. ಪ್ರವಾಸೋದ್ಯಮ ಇಲಾಖೆಯ ಮೂರನೇ ಮಹಡಿಯ ಆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಾರ್ಖಾನೆಯ ಹೊಗೆ ಒಳಗೆ ನುಗ್ಗುತ್ತಿತ್ತು. ಹಾಗಾಗಿ ಕಿಟಕಿ ಬಿಗಿಯಾಗಿ ಮುಚ್ಚಿಕೊಂಡು, ಇಲ್ಲಿನ ಗಾಳಿ ಎಷ್ಟು ನಿರ್ಮಲ ಎಂದು ಅವನು ಹೊರದೇಶದವರಿಗೆ ಬರೆಯುತ್ತಿದ್ದ. ಸಹೋದ್ಯೋಗಿಗಳು ಅವನಿಗೆ ಹೊಗಳಪ್ಪ ಎಂದು ಹೆಸರಿಟ್ಟಿದ್ದರು. ಮೊದಮೊದಲು ಮುಖ ಸಿಂಡರಿಸುತ್ತಿದ್ದವನು ಬರಬರುತ್ತಾ ಆ ಹೆಸರಿಗೇ ಓಗೊಡತೊಡಗಿದ.

'ಕೈ ಸೋಕದ ನಾಡು' ಎಂಬ ಮಾತನ್ನು ಹುಟ್ಟಿಸಿದವನು ಅವನೇ. ಅದು ವಿಮಾನದ ಹೊಟ್ಟೆಯ ಮೇಲೆ, ಬಿಸ್ಕತ್ತಿನ ಡಬ್ಬದ ಮೇಲೆ, ಕೊನೆಗೆ ವಿಮಾನ ನಿಲ್ದಾಣದ ಶೌಚಾಲಯದ ಬಾಗಿಲಿನ ಮೇಲೂ ಬಂದು ಕೂತಿತು. ಅಲ್ಲಿ ಮಾತ್ರ ಯಾರೂ ಅದನ್ನು ನಂಬಲಿಲ್ಲ.

ಕುಲಾಂತರಿ ಬೀಜಕ್ಕೆ ಈ ದೇಶದಲ್ಲಿ ಪ್ರವೇಶವಿಲ್ಲ. ಪ್ರಯೋಗಶಾಲೆಯಲ್ಲಿ ತಿದ್ದಿ ತೀಡಿದ ಒಂದು ಕಾಳೂ ಗಡಿ ದಾಟಿ ಬರಕೂಡದೆಂದು ಕಾನೂನಿದೆ. ಮೈಕು ಕಂಡಲ್ಲೆಲ್ಲ ಮಂತ್ರಿಗಳು "ನಮ್ಮದು ಅಜ್ಜಿ ಗಂಟು ಕಟ್ಟಿಟ್ಟ ಬೀಜ" ಎನ್ನುತ್ತಿದ್ದರು. ಅವರ ಅಜ್ಜಿ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದವರು, ಆ ಮಾತು ಬೇರೆ. ಈ ಮಡಿವಂತಿಕೆಯ ದೆಸೆಯಿಂದ ಇಲ್ಲಿನ ಮುಸುಕಿನ ಜೋಳಕ್ಕೆ ಹೊರದೇಶದ ದುಬಾರಿ ಅಂಗಡಿಗಳಲ್ಲಿ ಎಲ್ಲಿಲ್ಲದ ಬೇಡಿಕೆ. ಜೋಳ ತಿಂದವರು ಅದು ಬೆಳೆದ ನೆಲವನ್ನೂ ನೋಡಿಯೇ ಬಿಡೋಣ ಎಂದು ವಿಮಾನ ಹತ್ತುತ್ತಿದ್ದರು.

ಬಂದವರಿಗೆ ತೋರಿಸಲು ಒಂದು ಹೊಲ ಬೇಕಿತ್ತು. ಹೊಗಳಪ್ಪ ದೇಶವಿಡೀ ಅಲೆದು ಹುಡುಕಿದೆನೆಂದು ವರದಿ ಬರೆದು, ತನ್ನ ಸ್ವಂತ ಅಕ್ಕನ ಹೊಲವನ್ನೇ ತೋರಿಸಿದ. ಅಲೆದದ್ದು ಸುಳ್ಳಾದರೂ ಹೊಲವೇನೋ ಚೆನ್ನಾಗಿಯೇ ಇತ್ತು. ಗುಡ್ಡದ ಇಳಿಜಾರು, ಕೆಳಗೆ ಹೊಳೆ, ನಡುವೆ ಆಳೆತ್ತರದ ಜೋಳ, ಜೋಳದ ನಡುವೆ ತೆನೆ ಹಿಡಿದು ನಗುವ ಅಕ್ಕ. ಆ ಚಿತ್ರದ ಪೋಸ್ಟರು ಬಂದ ಮೇಲೆ ಅಕ್ಕನ ನಡಿಗೆಯೇ ಬದಲಾಯಿತು. ಬಸ್ಸಿನಲ್ಲಿ ಪಕ್ಕದವರು ಗುರುತು ಹಿಡಿಯದಿದ್ದರೆ, ಪೋಸ್ಟರಿನಲ್ಲಿ ನಕ್ಕಂತೆಯೇ ಒಮ್ಮೆ ಅವರ ಕಡೆ ತಿರುಗಿ ನಗುತ್ತಿದ್ದಳು. ಆಗಲೂ ಹಿಡಿಯದಿದ್ದರೆ ಅಂಥವರ ಹತ್ತಿರ ಮಾತು ಮುಗಿಯಿತು.

ಒಂದು ದಿನ ಇಲಾಖೆಯ ನಿರ್ದೇಶಕಿ ಅವನನ್ನು ಕರೆಸಿದರು.

"ಕೂತ್ಕೊಳ್ಳಿ. ಹೊರದೇಶದ ದೊಡ್ಡ ಗಿರಾಕಿ ಬರ್ತಾ ಇದ್ದಾರೆ. ಆಯಮ್ಮನ ಅಂಗಡಿ ಇಲ್ಲದ ಊರಿಲ್ಲ. ಜೋಳಾನೂ ಕೊಳ್ತಾರೆ, ಪ್ರವಾಸಿಗಳನ್ನೂ ಕಳಿಸ್ತಾರೆ. ಒಂದೇ ಷರತ್ತು."

"ಏನು ಮೇಡಂ?"

"ಹುಳ ನೋಡ್ಬೇಕಂತೆ."

"ಹುಳಾನಾ?"

"ಹೂಂ ರೀ, ಹುಳ. ವಿಷ ಹೊಡೀದೆ ಇರೋ ಹೊಲ ಅಂದ್ಮೇಲೆ ಎಲೇಲಿ ತೂತಿರ್ಬೇಕು, ತೂತಿನ ಪಕ್ಕ ಹುಳ ಇರ್ಬೇಕು ಅಂತಾರೆ. ಕ್ಯಾಮೆರಾದವನನ್ನೂ ಕರ್ಕೊಂಡ್ ಬರ್ತಾರಂತೆ. ನಿಮ್ಮಕ್ಕನ ಹೊಲದಲ್ಲಿ ಹುಳ ಇದೆ ತಾನೇ?"

"ಅಯ್ಯೋ, ಬೇಕಾದಷ್ಟಿದೆ ಮೇಡಂ" ಎಂದ ಹೊಗಳಪ್ಪ. ಹೊಗಳಿ ಹೊಗಳಿ ಅವನ ನಾಲಿಗೆಗೆ 'ಇಲ್ಲ' ಎನ್ನುವ ಅಭ್ಯಾಸವೇ ತಪ್ಪಿಹೋಗಿತ್ತು.

ಮಧ್ಯಾಹ್ನದ ಬಸ್ಸಿಗೇ ಅಕ್ಕನ ಊರಿಗೆ ಹೋದ. ಸಾಲು ಸಾಲಿಗೂ ಬಗ್ಗಿ ನೋಡಿದ. ಎಲೆಗಳೆಲ್ಲ ಇಸ್ತ್ರಿ ಮಾಡಿಟ್ಟ ಹಾಗಿದ್ದವು. ಸುಳಿ ಬಿಡಿಸಿ ನೋಡಿದ, ಒಂದೇ ಒಂದು ಹುಳವಿಲ್ಲ.

"ಅಕ್ಕಾ, ಹುಳ ಎಲ್ಲಿ?"

"ನನ್ನ ಹೊಲದಲ್ಲಿ ಹುಳಕ್ಕೇನೋ ಕೆಲಸ? ಹುಳ ಬೇಕಾದ್ರೆ ಆಚೆ ಗುಡ್ಡಕ್ಕೆ ಹೋಗು, ನನ್ನ ಓರಗಿತ್ತಿ ಹೊಲಕ್ಕೆ. ಅವಳು ಬೆಳೆಯೋದೇ ಹುಳಗಳಿಗೆ."

"ಮತ್ತೆ ನಿನ್ನ ಹೊಲದಲ್ಲಿ ಯಾಕಿಲ್ಲ?"

"ಬೀಜ ಬೇರೆ ಕಣೋ. ನಿಮ್ಮ ಭಾವ ಗಡಿಯಾಚೆಯಿಂದ ತಂದದ್ದು. ಲಾರಿ ಸ್ಟೆಪ್ನಿ ಟೈರೊಳಗೆ ಇಟ್ಕೊಂಡು."

ಜಗಲಿಯ ಮೇಲೆ ಕೂತಿದ್ದ ಭಾವ, ಯಾರದೋ ಲಾರಿಯ ಸುದ್ದಿ ಎಂಬಂತೆ ಆಕಾಶ ನೋಡತೊಡಗಿದ.

ಹೊಗಳಪ್ಪ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ಅಯ್ಯೋ ಅಕ್ಕಾ, ಅದು ಕುಲಾಂತರಿ ಅಲ್ವಾ!"

"ಅದರ ಕುಲ ನಾನು ಕೇಳಲಿಲ್ಲಪ್ಪ, ಹೆಣ್ಣು ಕೊಡೋದಿರಲಿಲ್ಲ. ಎಲೆ ಕಚ್ಚಿದ್ರೆ ಹುಳ ಸಾಯುತ್ತೆ, ನಾನು ವಿಷ ಹೊಡೆಯೋದು ತಪ್ಪಿತು. ನನಗೆ ಅಷ್ಟೇ ಸಾಕು." ಅಕ್ಕ ಎರಡೂ ಅಂಗೈ ಚಾಚಿದಳು. "ಮೊದಲು ಈ ಕೈ ಹೇಗಿತ್ತು, ಮರೆತ್ಯಾ?"

ಮರೆತಿರಲಿಲ್ಲ. ಔಷಧ ಹೊಡೆಯುವ ತಿಂಗಳುಗಳಲ್ಲಿ ಅಕ್ಕನ ಅಂಗೈ ಈರುಳ್ಳಿಯಂತೆ ಪದರ ಪದರ ಸುಲಿದು, ಸಾರು ತಾಗಿದರೆ ಉರಿಯೆಂದು ಅವಳು ಚಮಚದಲ್ಲಿ ಅನ್ನ ತಿನ್ನುತ್ತಿದ್ದಳು.

"ಆಗ್ಲೂ ನೀನು ಕೈ ಸೋಕದ ನಾಡು ಅಂತಾನೇ ಬರೀತಿದ್ದೆ. ಆವಾಗ ಬಂದು ಹುಳ ಹುಡುಕಲಿಲ್ವಲ್ಲ."

ಅವನು ನಿರ್ದೇಶಕಿಗೆ ಫೋನು ಹಚ್ಚಿದ. ಬೀಜದ ಸುದ್ದಿ ನುಂಗಿಕೊಂಡು, ಈ ಸಲ ಯಾಕೋ ಹುಳ ಬಿದ್ದಿಲ್ಲ ಎಂದಷ್ಟೇ ಹೇಳಿದ.

"ಬಿದ್ದಿಲ್ಲ ಅಂದ್ರೆ ತಂದು ಬಿಡ್ರೀ. ದೇಶದಲ್ಲಿ ಹುಳಕ್ಕೂ ಬರಗಾಲವಾ?"

ಅಕ್ಕ ತಮ್ಮ ಇಬ್ಬರೂ ಬಕೆಟ್ಟು ಹಿಡಿದು ಆಚೆ ಗುಡ್ಡಕ್ಕೆ ಹೋದರು. ಓರಗಿತ್ತಿ, ಅಂದರೆ ಭಾವನ ತಮ್ಮನ ಹೆಂಡತಿ, ಸರ್ಕಾರ ಮೊಹರು ಹಾಕಿ ಕೊಟ್ಟ ಶುದ್ಧ ಬೀಜವನ್ನೇ ಬಿತ್ತಿದ್ದಳು. ಅವಳ ಜೋಳ ಜರಡಿಯಾಗಿತ್ತು. ಔಷಧ ಹೊಡೆದು ಹೊಡೆದು ಬೇಸತ್ತು ಈ ಸಲ ಹಾಗೇ ಬಿಟ್ಟುಬಿಟ್ಟಿದ್ದಳು.

"ಹುಳ ಬೇಕಾ? ಹೊಲದ ಸಮೇತ ಎತ್ಕೊಂಡ್ ಹೋಗಿ" ಎಂದಳು.

ಬಕೆಟ್ಟು ತುಂಬಿತು. ಅಕ್ಕನ ಹೊಲಕ್ಕೆ ತಂದು, ರಸ್ತೆಗೆ ಕಾಣುವ ಸಾಲುಗಳಲ್ಲಿ ಒಂದೊಂದು ಗಿಡಕ್ಕೆ ಒಂದೊಂದನ್ನು ಇಳಿಸಿದರು. ಹಸಿದ ಹುಳಗಳು ಕೂಡಲೇ ಕಚ್ಚತೊಡಗಿದವು. ಎಲೆಯ ಮೇಲೆ ಮೊದಲ ತೂತು ಮೂಡಿದಾಗ ಹೊಗಳಪ್ಪನಿಗೆ ಮನೆಗೆ ಮಗು ಬಂದಷ್ಟು ಸಂತೋಷವಾಯಿತು.

ಮರುದಿನ ಬೆಳಗ್ಗೆ ಬರಬೇಕಿದ್ದ ಗಿರಾಕಿ ಬರಲಿಲ್ಲ. ದಾರಿಯಲ್ಲಿ ಸಿಕ್ಕ ಸರೋವರ ಫೋಟೋದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿದೆಯೆಂದು ಈಜಲು ಇಳಿದಿದ್ದರಂತೆ. ಆ ಫೋಟೋದ ಕೆಳಗಿನ ಒಕ್ಕಣೆಯನ್ನೂ ಹೊಗಳಪ್ಪನೇ ಬರೆದಿದ್ದ. ಅವರು ಬಂದದ್ದು ಅದರ ಮಾರನೆಯ ದಿನ. ಅಷ್ಟರಲ್ಲಿ ಕುಲಾಂತರಿ ಜೋಳ ತನ್ನ ಕೆಲಸ ಮುಗಿಸಿತ್ತು.

ಹೊಸ ರಬ್ಬರ್ ಬೂಟು ಹಾಕಿಕೊಂಡು ಗಿರಾಕಿ ಹೊಲಕ್ಕಿಳಿದರು. ಹಿಂದೆ ಕ್ಯಾಮೆರಾದವನು, ಅವನ ಹಿಂದೆ ಅಡಿಯಿಂದ ಮುಡಿಯವರೆಗೆ ಹಸಿರುಟ್ಟ ನಿರ್ದೇಶಕಿ. ಭಾಷಾಂತರಕ್ಕೆ ಹೊಗಳಪ್ಪ. ಎಲೆಗಳ ಮೇಲೆ ಹುಳಗಳು ಕಪ್ಪಿಟ್ಟು, ಸುಕ್ಕುಗಟ್ಟಿ, ಹಳೆಯ ದಾರದ ತುಂಡುಗಳಂತೆ ಜೋತುಬಿದ್ದಿದ್ದವು.

"ನಿದ್ದೆ ಮಾಡ್ತಾ ಇವೆ" ಎಂದರು ನಿರ್ದೇಶಕಿ.

"ಬಿಸಿಲೇರಿದಾಗ ನಮ್ಮ ಹುಳಗಳು ವಿಶ್ರಾಂತಿ ಪಡೆಯುತ್ತವೆ" ಎಂದು ಹೊಗಳಪ್ಪ ಹೊರಭಾಷೆಯಲ್ಲಿ ಹೇಳಿದ.

ಗಿರಾಕಿ ಪೆನ್ನಿನ ತುದಿಯಿಂದ ಒಂದನ್ನು ಮುಟ್ಟಿದರು. ಅದು ಉದುರಿ ಅವರ ಬೂಟಿನ ಮೇಲೆ ಬಿತ್ತು. ಇನ್ನೊಂದನ್ನು ಮುಟ್ಟಿದರು, ಅದೂ ಬಿತ್ತು. ಆಮೇಲೆ ನೇರವಾಗಿ ಅಕ್ಕನನ್ನೇ ಕೇಳಿದರು: ಇವು ಯಾಕೆ ಸತ್ತಿವೆ?

ಹೊಗಳಪ್ಪ ಪ್ರಶ್ನೆಯನ್ನು ದಾಟಿಸಲೇಬೇಕಾಯಿತು. ಅಕ್ಕ ಕ್ಯಾಮೆರಾ ಕಡೆಗೆ ತನ್ನ ಚೆನ್ನಾಗಿ ಕಾಣುವ ಕೆನ್ನೆಯನ್ನು ತಿರುಗಿಸಿ, ನಗು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದಳು:

"ಸಾಯದೆ ಇನ್ನೇನು? ಸಾಯ್ಲಿ ಅಂತಾನೇ ಆ ಬೀಜ ಹಾಕಿರೋದು!"

ಎಲ್ಲರೂ ಹೊಗಳಪ್ಪನ ಬಾಯನ್ನೇ ನೋಡುತ್ತಿದ್ದರು.

"ಹೊಟ್ಟೆ ತುಂಬ ತಿಂದು, ತೃಪ್ತಿಯಿಂದ ಕಣ್ಣು ಮುಚ್ಚಿವೆ ಅನ್ನುತ್ತಿದ್ದಾಳೆ" ಎಂದ. "ಇಲ್ಲಿ ಹುಳಗಳಿಗೂ ಸಹಜ ಸಾವು."

ಗಿರಾಕಿ ಅವನನ್ನು ದಿಟ್ಟಿಸಿದರು. ಕ್ಯಾಮೆರಾ ನಿಲ್ಲಿಸಲು ಹೇಳಿ, ಅವನನ್ನು ಬೇಲಿಯ ಪಕ್ಕಕ್ಕೆ ಕರೆದುಕೊಂಡು ಹೋದರು.

"ನನ್ನ ಅಣ್ಣನೂ ಇದೇ ಬೀಜ ಬೆಳೆಯುತ್ತಾನೆ" ಎಂದರು ತಣ್ಣಗೆ. "ಹುಳ ಸತ್ತ ರೀತಿ ನೋಡಿದರೇ ನನಗೆ ಗೊತ್ತಾಗುತ್ತೆ."

ಹೊಗಳಪ್ಪ ಬೀಜದ ಮಾತು ಬಿಟ್ಟು ನೇರ ವಿಷಯಕ್ಕೆ ಬಂದ. "ಹಾಗಾದರೆ ಒಪ್ಪಂದ?"

"ಒಪ್ಪಂದಕ್ಕೇನಾಗಿದೆ? ನನ್ನ ಗಿರಾಕಿಗಳಿಗೆ ಜೋಳ ಎಲ್ಲಿ ಬೇಕಾದರೂ ಸಿಗುತ್ತೆ. ಅವರು ನಿಮ್ಮಿಂದ ಕೊಳ್ಳೋದು ಸಮಾಧಾನ. ಮುಂದಿನ ಸಲ ಬರುವಾಗ ಹುಳಕ್ಕೆ ಜೀವ ಇರಲಿ, ಅಷ್ಟೇ."

ಹೊಗಳಪ್ಪ ಬಂದು ಹೇಳಿದಾಗ ನಿರ್ದೇಶಕಿಗೆ ಅದು ವರದಂತೆ ಕೇಳಿಸಿತು. ಅಕ್ಕನ ಮೇಲೆ ಮೊಕದ್ದಮೆ ಹೂಡಿದರೆ ಪೋಸ್ಟರು ಹರಿಯುತ್ತದೆ, ಪೋಸ್ಟರು ಹರಿದರೆ ಕುರ್ಚಿ ಅಲ್ಲಾಡುತ್ತದೆ. ಹಾಗಾಗಿ ಗದರುವಷ್ಟು ಗದರಿ, ಆ ಬೆಳೆಯನ್ನು ಕಿತ್ತುಹಾಕಿ ಮೊಹರಿನ ಬೀಜ ಬಿತ್ತುವಂತೆ ಅಪ್ಪಣೆ ಮಾಡಿದರು. ಭಾವ ಮರುಮಾತಾಡದೆ ಕಿತ್ತ. ಜೈಲಿನ ಹೆಸರು ಕೇಳಿದ ಮೇಲೆ ಅವನು ಸ್ಟೆಪ್ನಿ ಟೈರನ್ನು ಮುಟ್ಟುತ್ತಲೂ ಇರಲಿಲ್ಲ.

ಹೊಸ ಬೆಳೆ ಮೊಣಕಾಲೆತ್ತರ ಬಂದದ್ದೇ ತಡ, ಹುಳಗಳು ಬಂದವು. ಈ ದೇಶದಲ್ಲಿ ಸರ್ಕಾರದ ಆದೇಶವನ್ನು ಅಷ್ಟು ಚುರುಕಾಗಿ ಪಾಲಿಸಿದವರು ಇನ್ನೊಬ್ಬರಿಲ್ಲ. ಆದರೆ ಎಲ್ಲಿಗೆ ನಿಲ್ಲಿಸಬೇಕೆಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಎಲೆ ಮುಗಿಸಿ ಸುಳಿಗೆ ನುಗ್ಗಿದವು, ಸುಳಿ ಮುಗಿಸಿ ತೆನೆಗೆ. ನಿರ್ದೇಶಕಿಗೆ ದೂರು ಹೋಯಿತು.

"ಹುಳ ಇರ್ಲಿ ಅಂದೆ, ಊರೇ ಹಾಳಾಗ್ಲಿ ಅಂದ್ನಾ? ಮುಂದಿನ ಸಾಲು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಔಷಧ ಹೊಡೀಲಿ. ಪ್ರವಾಸಿಗಳ ಬಸ್ ಬರೋ ಮುಂಚೆ ಮುಗಿಸಿರ್ಬೇಕು."

ಅಂತೂ ಅಕ್ಕ ಮತ್ತೆ ಬೆನ್ನಿಗೆ ವಿಷದ ಡಬ್ಬ ಕಟ್ಟಿಕೊಂಡಳು. ಬೆಳಬೆಳಗ್ಗೆ ಹಿಂದಿನ ಸಾಲುಗಳಿಗೆಲ್ಲ ಹೊಡೆಯುವುದು, ಆಮೇಲೆ ಸೀರೆ ಬದಲಿಸಿ ಮುಂದಿನ ಸಾಲಿನಲ್ಲಿ ಹುಳದ ಪಕ್ಕ ನಿಂತು ನಗುವುದು. ಒಂದು ಬೆಳಗ್ಗೆ ಹೊಗಳಪ್ಪ ಪ್ರವಾಸಿಗಳೊಂದಿಗೆ ಬಂದಾಗ ಅವರಲ್ಲೊಬ್ಬಾಕೆ ಮೂಗರಳಿಸಿ, ಇದೇನು ವಿಚಿತ್ರ ವಾಸನೆ ಎಂದು ಕೇಳಿದಳು. ಒದ್ದೆ ಮಣ್ಣಿನದು ಎಂದ. ಆಕೆ ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡಳು.

ಬಸ್ಸು ಹೋದ ಮೇಲೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತ. ಅಕ್ಕ ಚಮಚದಲ್ಲಿ ತಿನ್ನುತ್ತಿದ್ದಳು.

"ನಾನು ತಂದ್ಕೊಟ್ಟ ಗ್ಲೌಸ್ ಎಲ್ಲಿ?"

"ನಿಮ್ಮ ಫೋಟೋದವನು ತೆಗೀರಿ ಅಂದ, ತಗೊಂಡೇ ಹೋದ. ಕೈ ಸೋಕದ ನಾಡಲ್ಲಿ ಗ್ಲೌಸ್ ಚೆನ್ನಾಗಿ ಕಾಣಲ್ವಂತೆ" ಎಂದು ಅಕ್ಕ ನಕ್ಕಳು. ಅದು ಪೋಸ್ಟರಿನ ನಗುವಾಗಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಪತ್ರಿಕೆಗೆ ಬರೆದುಬಿಡೋಣವೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದ. ಬರೆದರೆ ಭಾವ ಜೈಲಿಗೆ, ತಾನು ಬೀದಿಗೆ. ಇಳಿಯುವ ಹೊತ್ತಿಗೆ ಧೈರ್ಯವೂ ಇಳಿದಿತ್ತು. ಕಡೆಗೆ ತನಗೆ ಬರುವ ಒಂದೇ ವಿದ್ಯೆಗೆ ಮೊರೆಹೋದ. ಹೊಗಳುವುದಕ್ಕೆ, ಆದರೆ ಬೇರೆಯವರನ್ನು. ಪೋಸ್ಟರಿನ ಮುಖ ಹಳತಾಯಿತು, ಆಚೆ ಗುಡ್ಡದ ಹೊಲದಲ್ಲಿ ಬೆಳಕು ಇನ್ನೂ ಸೊಗಸು, ಅಲ್ಲಿನ ಹೆಂಗಸಿನ ಮುಖದಲ್ಲಿ ಮುಗ್ಧತೆ ತುಳುಕುತ್ತದೆ ಎಂದು ನಿರ್ದೇಶಕಿಯ ಕಿವಿ ತುಂಬಿದ. ಅವರು ಒಪ್ಪಿದರು. ಓರಗಿತ್ತಿ ಪೋಸ್ಟರಿಗೇರಿದಳು. ಅಕ್ಕನ ಹೊಲವನ್ನು ಕೇಳುವವರಿಲ್ಲವಾಯಿತು. ಕೇಳುವವರಿಲ್ಲದ ಕಡೆ ಭಾವನ ಲಾರಿ ಮತ್ತೆ ಗಡಿ ದಾಟಿತು.

ಅಕ್ಕನ ಕೈ ವಾಸಿಯಾಯಿತು. ತಮ್ಮನ ಜೊತೆಗಿನ ಮಾತು ಮಾತ್ರ ನಿಂತಿತು. ಬಹಳ ದಿನ ಬಿಟ್ಟು ಒಮ್ಮೆ ತಾನಾಗಿಯೇ ಫೋನು ಮಾಡಿದಳು.

"ಬಸ್ ಸ್ಟಾಂಡಲ್ಲಿ ನೋಡ್ದೆ ಕಣೋ. ಅವಳ ಮೂಗು ಜೋಳಕ್ಕಿಂತ ದಪ್ಪ ಇದೆ. ನನ್ನಲ್ಲಿ ಏನು ಕಮ್ಮಿಯಾಗಿತ್ತು?"

"ನಿನ್ನ ಕೈ..."

"ಕೈಗೇನಾಗಿದೆ ದಾಡಿ? ಮುಖದ ವಿಷಯ ಮಾತಾಡು."

"ಮೇಲಿನವರ ತೀರ್ಮಾನ ಅಕ್ಕಾ. ನಾನೇನು ಮಾಡಲಿ?"

"ನೀನು ಮನಸ್ಸು ಮಾಡಿದ್ರೆ ಕತ್ತೇನೂ ಕುದುರೆ ಅಂತ ಬರೀತೀಯ. ಒಡಹುಟ್ಟಿದವಳಿಗೆ ಎರಡು ಮಾತು ಬರೆಯೋಕೆ ಆಗ್ಲಿಲ್ವಾ?" ಎಂದವಳೇ ಫೋನು ಕುಕ್ಕಿದಳು.

ಅವನು ಫೋನು ಇಟ್ಟು ಕೆಲಸಕ್ಕೆ ತಿರುಗಿದ. ಮೇಜಿನ ಮೇಲೆ ಮುಂದಿನ ವರ್ಷದ ಕ್ಯಾಲೆಂಡರಿಗೆ ಬಂದ ಚಿತ್ರವಿತ್ತು. ಓರಗಿತ್ತಿ ತೆನೆ ಹಿಡಿದು ನಗುತ್ತಿದ್ದಳು, ಎಲೆಯ ಮೇಲೆ ಜೀವಂತ ಹುಳವಿತ್ತು. ಭೂತಗನ್ನಡಿ ಹಿಡಿದು ಅವಳ ಬೆರಳುಗಳನ್ನು ನೋಡಿದ, ಸುಲಿಯತೊಡಗಿದ್ದವು. ಬೆರಳು ಕಾಣದ ಹಾಗೆ ಚಿತ್ರವನ್ನು ಕತ್ತರಿಸಿ ಎಂದು ಅಂಚಿನಲ್ಲಿ ಬರೆದು ಮುದ್ರಣಾಲಯಕ್ಕೆ ಕಳಿಸಿದ.