ಅರವತ್ತಮೂರು ಗುಳಿಗೆ

ಮೂಡಲಗಿಯ ಶಿಬಿರದಲ್ಲಿ ರಕ್ತ ಕೊಟ್ಟು, ಬಾಳೆಹಣ್ಣು ತಿಂದು, ಪ್ರಮಾಣಪತ್ರ ಹಿಡಿದು ನಗುತ್ತ ಮಸಗುಪ್ಪಿಗೆ ಬಂದಿದ್ದ ಲಕ್ಷ್ಮಣನಿಗೆ ವಾರದ ಮೇಲೆ ಫೋನ್ ಬಂತು. ಅಣ್ಣನಿಗಿದ್ದ ರೋಗವೇ ತಮ್ಮನಿಗೂ ಇತ್ತು, ಹೆಪಟೈಟಿಸ್ ಬಿ. ಎರಡು ತಿಂಗಳು ಒಂದೊಂದೇ ತಪಾಸಣೆ ಮಾಡಿಸಿದ ಮೇಲೆ ಔಷಧಿ ಶುರುಮಾಡಲೇಬೇಕು ಎಂದಾಯಿತು. ಯಾವುದು ಎಂಬುದಷ್ಟೇ ಉಳಿದಿತ್ತು.

ಅದನ್ನು ಗೊತ್ತುಮಾಡಲು ಮೂವರೂ ಘಟಪ್ರಭಾದ ಆಸ್ಪತ್ರೆಗೆಂದು ಬಸ್ ಹತ್ತಿದ್ದರು. ಲಕ್ಷ್ಮಣ, ಅವನ ತಾಯಿ ಕಾಶೆವ್ವ, ಮತ್ತು ಅವನ ಅಣ್ಣ ಶ್ರೀಶೈಲನ ಹೆಂಡತಿ ವಿದ್ಯಾ. ಶ್ರೀಶೈಲ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು.

"ಧಾರವಾಡದಾಗ ಎಂಎಸ್ಸಿ ಮಾಡಿದಾಕಿ ನೀ. ನೀ ಏನ ಅಂತಿ ಅದ ಖರೆ," ಎಂದಳು ಕಾಶೆವ್ವ.

"ನಾ ಕಲತದ್ದು ಗಿಡದ ವಿಷಯರಿ ಅತ್ತಿ. ಮನಷ್ಯಾರದಲ್ಲ."

"ಹಂಗಾರ ನನ್ನನ್ನೂ ಒಂದ ಗಿಡ ಅಂತ ತಿಳ್ಕೋರಿ ವೈನಿ," ಎಂದ ಲಕ್ಷ್ಮಣ ಹಿಂದಿನ ಸೀಟಿನಿಂದ. "ದಿನಾ ಒಂದ ತಂಬಗಿ ನೀರ ಹಾಕ್ರಿ, ಸಾಕು."

ಕಾಶೆವ್ವ ನಕ್ಕಳು. ಅವನು ತಮಾಷೆ ಮಾಡುವುದನ್ನು ಕೇಳಿ ಅವಳಿಗೆ ಬಹಳ ದಿನವಾಗಿತ್ತು. ಅಣ್ಣ ಹೋದ ಮೇಲೆ ಎರಡು ತಿಂಗಳು ಅವನು ತನ್ನ ವೆಲ್ಡಿಂಗ್ ಅಂಗಡಿಯ ಬಾಗಿಲು ತೆರೆದಿರಲಿಲ್ಲ. ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದವನನ್ನು ಮನೋವೈದ್ಯರ ಔಷಧಿಯೇ ಎಬ್ಬಿಸಬೇಕಾಯಿತು.

ಡಾಕ್ಟರ್ ಶಿವಾನಿ ವಯಸ್ಸಿನಲ್ಲಿ ವಿದ್ಯಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಗಡಿಬಿಡಿಯಿಲ್ಲದೆ ಹೇಳಿದಳು. "ದಾರಿ ಎರಡ ಅದಾವು. ಒಂದು ಇಂಜೆಕ್ಷನ್. ವಾರಕ್ಕೊಂದು, ಹೆಚ್ಚೂಕಡಿಮಿ ಒಂದ ವರ್ಷ. ಜ್ವರ ಬರತಾವು, ಮೈಕೈ ನೋಯತೈತಿ, ಮನಸ್ಸೂ ಕುಗ್ಗತೈತಿ. ವರ್ಷಕ್ಕ ಮುಗೀತೈತಿ ಖರೆ, ಆದ್ರ ಎಲ್ಲಾರಿಗೂ ಹತ್ತಂಗಿಲ್ಲ, ಕೆಲವರಿಗಷ್ಟ. ಇನ್ನೊಂದು ದಿನಕ್ಕೊಂದು ಗುಳಿಗಿ. ತ್ರಾಸ ಕಡಿಮಿ. ಆದ್ರ ಭಾಳ ವರ್ಷ ನುಂಗಬೇಕು, ಜೀವನಪೂರ್ತಿ ಆದ್ರೂ ಆತು. ವೈರಸ್ ಪೂರಾ ಹೋಗಂಗಿಲ್ಲ, ಮಲಗಿರತೈತಿ. ನಮ್ಮನ್ನ ಕೇಳದ ನಿಲ್ಲಿಸಿದ್ರ ಎದ್ದು ಕುಂಡ್ರತೈತಿ." ಫೈಲಿನ ಹಾಳೆ ತಿರುವಿದಳು. "ನಿಮಗ ಹೋದ ವರ್ಷ ಮನಸಿನ ಔಷಧಿ ನಡದಿತ್ತು. ಇಂಜೆಕ್ಷನ್ ಅದನ್ನ ಮತ್ತ ಕೆದಕಬಹುದು. ನನ್ನ ಕೇಳಿದ್ರ ಗುಳಿಗಿ ಚಲೋ."

"ಇಂಜೆಕ್ಷನ್ನ ಬರೀರಿ," ಎಂದ ಲಕ್ಷ್ಮಣ.

"ಯಾಕ?"

"ನಮ್ಮಣ್ಣ ಮೂರ ವರ್ಷ ಗುಳಿಗಿನ ನುಂಗಿದ್ರಿ. ಏನಾತು?"

"ಒಂದ ದಿನ ತಪ್ಪಿಸಿಲ್ರಿ ಬಾಯಾರ," ಎಂದಳು ಕಾಶೆವ್ವ. "ದಿನಾ ಸಂಜಿಕ ಗುಳಿಗಿ ಪಟ್ಟಿ ತಗದ ನೋಡತಿದ್ನಿ. ನನಗ ಓದಾಕ ಬರಂಗಿಲ್ಲ, ತೂತ ಎಣಸಾಕ ಬರತೈತಿ."

ಶಿವಾನಿ ಶ್ರೀಶೈಲನ ಹಳೆಯ ಕಾಗದಗಳನ್ನು ಕೇಳಿ ತೆಗೆದುಕೊಂಡಳು. ಒಂದು ವರದಿಯಲ್ಲಿ ವೈರಸ್ ಪತ್ತೆಯಿಲ್ಲ. ನಾಲ್ಕು ತಿಂಗಳ ನಂತರದ ಇನ್ನೊಂದರಲ್ಲಿ ಲೆಕ್ಕ ಕೋಟಿ ದಾಟಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ತಲೆ ಎತ್ತಿದಳು.

"ನಡುವ ಎಲ್ಲ್ಯರ ನಿಲ್ಲಿಸಿದ್ರೇನು?"

"ಇಲ್ರಿ," ಎಂದಳು ಕಾಶೆವ್ವ.

ವಿದ್ಯಾ ತನ್ನ ಕೈಗಳನ್ನು ನೋಡುತ್ತ ಕುಳಿತಳು. ಬಲಗೈಯ ಹೆಬ್ಬೆರಳಿಗೆ ಇನ್ನೂ ನೆನಪಿತ್ತು. ಬೆಳ್ಳಿಬಣ್ಣದ ಹಾಳೆ ಹರಿದು ಗುಳಿಗೆ ಅಂಗೈಗೆ ಬೀಳುವಾಗ ಆಗುತ್ತಿದ್ದ ಆ ಸಣ್ಣ ಸದ್ದು.

ಹುಕ್ಕೇರಿಯ ಕಡೆ, ಕಣಗಲಾ ದಾಟಿ, ಹೆದ್ದಾರಿಯಿಂದ ಒಳಗೆ ಒಂದು ತೋಟದಲ್ಲಿ ಕಾಮಾಲೆಗೆ ಔಷಧಿ ಕೊಡುವ ಮುದುಕನೊಬ್ಬ ಇದ್ದಾನೆ ಎಂದು ಶ್ರೀಶೈಲನಿಗೆ ಯಾರೋ ಹೇಳಿದ್ದರು. ರೋಗ ಬೇರುಸಹಿತ ಹೋಗುತ್ತದಂತೆ. ಗಂಡ ಹೆಂಡತಿ ಇಬ್ಬರೇ ಬೈಕಿನಲ್ಲಿ ಹೋಗಿದ್ದರು. ಇಪ್ಪತ್ತೊಂದು ದಿನ ಪಥ್ಯ. ಉಪ್ಪಿಲ್ಲ, ಎಣ್ಣೆಯಿಲ್ಲ, ಬೇರೆ ಯಾವ ಔಷಧಿಯೂ ಇಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ತೆಗೆದುಕೊಂಡದ್ದನ್ನು ಯಾರಿಗೂ ಹೇಳಬಾರದು, ಹೇಳಿದರೆ ಔಷಧಿ ನಾಟುವುದಿಲ್ಲ. ಮುದುಕ ಸೊಪ್ಪು ಅರೆಯುವಾಗ ವಿದ್ಯಾ ಅದನ್ನು ಗುರುತಿಸಿದ್ದಳು. ನೆಲನೆಲ್ಲಿ. ಪರೀಕ್ಷೆಯಲ್ಲಿ ಅದರ ಮೇಲೆ ಎರಡು ಪುಟ ಬರೆದವಳು ಅವಳು.

"ಏನಂತಿ? ಬಿಡ್ಲ್ಯಾ ಗುಳಿಗಿ?" ಎಂದು ಶ್ರೀಶೈಲ ಬೈಕಿನ ಹತ್ತಿರ ನಿಂತು ಕೇಳಿದ್ದ. ಅವಳು ಬೇಡ ಎಂದಿದ್ದರೆ ಅವನು ಅಲ್ಲಿಂದಲೇ ತಿರುಗುತ್ತಿದ್ದ. "ಇದರ ಮ್ಯಾಲ ಸಂಶೋಧನೆ ನಡದಾವು," ಎಂದಿದ್ದಳು ಅವಳು. ನಡೆದದ್ದು ನಿಜ. ಅದರಿಂದ ಏನೂ ಸಾಬೀತಾಗಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ಗಂಡ ಗುಳಿಗೆಯಿಲ್ಲದ ಮನುಷ್ಯನಾಗುವುದನ್ನು ನೋಡಬೇಕೆಂದು ಅವಳಿಗೂ ಆಸೆಯಿತ್ತು.

ಅತ್ತೆಗೆ ತಿಳಿಯಬಾರದಲ್ಲ. ಪಥ್ಯ ಡಾಕ್ಟರು ಹೇಳಿದ್ದೆಂದು ನಂಬಿಸಿದಳು. ದಿನಾ ಬೆಳಿಗ್ಗೆ ಪಟ್ಟಿಯಿಂದ ಒಂದು ಗುಳಿಗೆ ಒತ್ತಿ ತೆಗೆದು, ಕಾಲೇಜಿನಿಂದ ತಂದಿದ್ದ ಗಾಜಿನ ಬಾಟಲಿಗೆ ಹಾಕಿ ಟ್ರಂಕಿನಲ್ಲಿಟ್ಟಳು. ಮುದುಕ ಮೂರು ಪಾಳಿ ಪಥ್ಯ ಮಾಡಿಸಿದ. ಮೂರನೆಯದು ಮುಗಿಯುವ ಹೊತ್ತಿಗೆ ಶ್ರೀಶೈಲನ ಕಣ್ಣು ಅರಿಸಿನವಾಗಿತ್ತು. ಮತ್ತೆ ಶುರುಮಾಡಿದ ಗುಳಿಗೆಗೆ ಲಿವರ್ ಕಾಯಲಿಲ್ಲ. ಬೆಳಗಾವಿಯ ಡಾಕ್ಟರು ಕೇಳಿದಾಗಲೂ ಗಂಡ ಹೆಂಡತಿ ಇಬ್ಬರೂ ತಪ್ಪಿಸಿಲ್ಲ ಎಂದೇ ಅಂದರು. ಅವನು ಸತ್ತ ಮೇಲೂ ಹೇಳಬಾರದೆಂಬ ಆ ಒಂದು ಪಥ್ಯವನ್ನು ಅವಳು ಮುರಿದಿರಲಿಲ್ಲ.

"ಗುಳಿಗಿ ನಡದಾಗ ಹಿಂಗ ಆಗೂದು ಭಾಳ ಕಡಿಮಿ," ಎನ್ನುತ್ತಿದ್ದಳು ಶಿವಾನಿ. "ಆದ್ರ ನೀವು ತಪ್ಪಿಸಿಲ್ಲ ಅಂತೀರಿ. ಲಕ್ಷ್ಮಣ, ನಿಮಗ ಗುಳಿಗಿ ಮ್ಯಾಲ ನಂಬಿಕಿನ ಇಲ್ಲ ಅಂದ್ರ ನಾ ಒತ್ತಾಯ ಮಾಡಂಗಿಲ್ಲ."

ಲಕ್ಷ್ಮಣ ತಲೆಯಾಡಿಸಿದ. "ಹೆಂಗರ ಒಂದ ವರ್ಷ ತಡಕೋತೇನ್ರಿ."

ವಿದ್ಯಾಳಿಗೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ಕಣ್ಣಿಗೆ ಬಂತು.

"ಅವರು ನಿಲ್ಲಿಸಿದ್ರು," ಎಂದಳು. "ಅರವತ್ತಮೂರ ದಿನ."

ಅವಳು ಎಲ್ಲವನ್ನೂ ಹೇಳಿದಳು. ಕಣಗಲಾ, ನೆಲನೆಲ್ಲಿ, ತಾನು ಆಡಿದ ಮಾತು, ಆಡದೆ ಬಿಟ್ಟದ್ದು. ಧ್ವನಿ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ.

ಕಾಶೆವ್ವ ಸೊಸೆಯತ್ತ ತಿರುಗಿದಳು. "ಆ ತೂತ ನೀ ಮಾಡಿದ್ದೇನ?"

"ಹೌದ್ರಿ."

"ನಾ ದಿನಾ ಎಣಸತಿದ್ನಿ."

"ಗೊತ್ತಿತ್ರಿ ಅತ್ತಿ."

ಲಕ್ಷ್ಮಣ ಎದ್ದು ಹೊರಗೆ ಹೋದ. ಬಹಳ ಹೊತ್ತಿನ ಮೇಲೆ ಬಂದು, ಕೂರದೆ, "ಗುಳಿಗಿನ ಬರೀರಿ," ಎಂದ. ಶಿವಾನಿ ಬರೆದಳು.

ಬರುವಾಗ ಬಸ್ಸಿನಲ್ಲಿ ಕಾಶೆವ್ವ ಮಗನ ಬಾಜೂ ಕುಳಿತಳು. ಮನೆಗೆ ಬಂದದ್ದೇ ವಿದ್ಯಾ ಟ್ರಂಕ್ ತೆರೆದು ಬಾಟಲಿಯನ್ನು ಅತ್ತೆಯ ಮುಂದಿಟ್ಟಳು. ಕಾಶೆವ್ವ ಗುಳಿಗೆಗಳನ್ನು ಮೊರಕ್ಕೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಬೆರಳಿನಿಂದ ಒಂದೊಂದೇ ಸರಿಸುತ್ತ ಎಣಿಸಿದಳು. ಮೂರು ಇಪ್ಪತ್ತು, ಮೇಲೆ ಮೂರು. ಮತ್ತೊಮ್ಮೆ ಎಣಿಸಿದಳು. ಬೈಯಲಿಲ್ಲ. ಬೈದಿದ್ದರೆ ವಿದ್ಯಾ ಅದನ್ನು ಹಿಡಿದು ಅಳುತ್ತಿದ್ದಳೇನೋ.

ಮರುದಿನ ಬೆಳಿಗ್ಗೆ ಹೊಸ ಪಟ್ಟಿ ಕಾಶೆವ್ವನ ಸೆರಗಿನ ಗಂಟಿನಲ್ಲಿತ್ತು. ತಾನೇ ಒಂದು ಗುಳಿಗೆ ಒತ್ತಿ ತೆಗೆದು ಮಗನ ನಾಲಿಗೆಯ ಮೇಲಿಟ್ಟಳು. ವಿದ್ಯಾ ನೀರಿನ ತಂಬಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮುಂದೆ ಬರಲೋ ಬೇಡವೋ ತಿಳಿಯದೆ.

ಲಕ್ಷ್ಮಣ ಅವಳ ಮುಖ ನೋಡಲಿಲ್ಲ. ಕೈ ಚಾಚಿ ತಂಬಿಗೆ ಇಸಿದುಕೊಂಡು ಕುಡಿದ.

"ಬಾಯಿ ತಗಿ," ಎಂದಳು ಕಾಶೆವ್ವ.

ಮೂವತ್ತು ವರ್ಷದ ಗಂಡಸು ಬಾಯಿ ತೆರೆದ. ಅವಳು ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ನಾಲಿಗೆ ಎತ್ತಿಸಿ, ಎರಡೂ ದವಡೆಯ ಸಂದಿ ನೋಡಿದಳು. ಆಮೇಲೆ ಬೆನ್ನು ತಿರುಗಿಸಿಯೇ ವಿದ್ಯಾಳಿಗೆ ಹೇಳಿದಳು. "ನೀನೂ ಬಂದ ನೋಡು."

ವಿದ್ಯಾ ಬಂದು ನೋಡಿದಳು. ಗುಳಿಗೆ ಇರಲಿಲ್ಲ.