ಹೊರಗೆ ಗುರುತಿಲ್ಲ

ಇಂಪನಾ ತಿಪಟೂರಿನವಳು. ಊರಲ್ಲಿದ್ದಷ್ಟು ದಿನ ಬಾಯಿಗೆ ಬೀಗವಿಲ್ಲದ ಹುಡುಗಿ ಎಂದು ಹೆಸರು ಪಡೆದಿದ್ದಳು. ಅರ್ಥಶಾಸ್ತ್ರದ ಎಂ.ಎ. ಓದಲು ಪುಣೆಗೆ ಬಂದಮೇಲೆ ಆ ಬಾಯಿಗೆ ಊಟ ಮಾಡುವುದೊಂದೇ ಕೆಲಸ ಉಳಿಯಿತು, ಹಾಸ್ಟೆಲ್ಲಿನ ಊಟ ನೋಡಿದರೆ ಅದೂ ಹೆಚ್ಚೇನಿರಲಿಲ್ಲ. ತರಗತಿಯ ಹುಡುಗಿಯರು ಕೆಟ್ಟವರಲ್ಲ. ಇವಳು ಬಂದರೆ ಪಾಪ, ಹಿಂದಿಗೆ ತಿರುಗುತ್ತಿದ್ದರು. ನಗುವ ವಿಷಯ ಬಂತೋ, ತಮಗೇ ತಿಳಿಯದೆ ಮರಾಠಿಗೆ ಜಾರಿಬಿಡುತ್ತಿದ್ದರು. ಯಾಕೆ ನಕ್ಕಿರಿ ಎಂದು ಕೇಳಿದರೆ ಬಿಡಿಸಿ ಹೇಳುತ್ತಿದ್ದರು. ಬಿಡಿಸಿ ಹೇಳಿದ ಮೇಲೆ ಯಾವ ದೇವರಿಗೆ ನಗು ಬರುತ್ತದೆ?

"ಫ್ರೆಂಡ್ಸ್ ಆದ್ರೇನೇ?" ಎಂದು ಅಮ್ಮ ಕಮಲಮ್ಮ ಫೋನಿನಲ್ಲಿ ಕೇಳುವಳು.

"ಬೇಕಾದಷ್ಟು ಜನ ಇದಾರಮ್ಮ," ಎಂದು ಇವಳು ಬುರುಡೆ ಬಿಡುವಳು.

ಕ್ಯಾಂಪಸ್ಸಿನ ಸ್ತ್ರೀ ಸಂಪನ್ಮೂಲ ಕೇಂದ್ರಕ್ಕೆ ಸ್ವಯಂಸೇವಕಿಯರು ಬೇಕೆಂಬ ಪೋಸ್ಟರ್ ಕಂಡಾಗ ಇಂಪನಾ ಹೋಗಿ ಸೇರಿಕೊಂಡಳು. ಸಮಾಜಕ್ಕೆ ಏನಾದರೂ ಮಾಡಬೇಕೆಂಬ ಆಸೆ ಎಂದು ಹೇಳಿಕೊಂಡಳು, ಅದು ಅರ್ಧ ಸತ್ಯ. ನಾಲ್ಕು ಜನರ ನಡುವೆ ಕೂರಬೇಕು ಅನ್ನಿಸಿದ್ದು ಇನ್ನರ್ಧ.

ಕೇಂದ್ರವೆಂದರೆ ಗ್ರಂಥಾಲಯದ ಹಿಂದೆ ಎರಡು ಕೋಣೆ. ಹೊರಗಿನದರಲ್ಲಿ ಪುಸ್ತಕ, ಪೋಸ್ಟರು, ಚಹದ ಕೆಟಲ್. ಒಳಗಿನದರಲ್ಲಿ ಎರಡು ಕುರ್ಚಿ. ಮನಸ್ಸಿನ ಭಾರ ಹೊತ್ತು ಬಂದವರು ಒಂದರಲ್ಲಿ, ಕೇಳುವವರು ಇನ್ನೊಂದರಲ್ಲಿ. ಹಿರಿಯ ಸ್ವಯಂಸೇವಕಿ ಸ್ನೇಹಲ್ ಇವಳಿಗೆ ಹಿಂದಿಯಲ್ಲಿ ಪಾಠ ಹೇಳಿದಳು. ಬಂದವರಿಗೆ ಸಲಹೆ ಕೊಡಬೇಡ, ಕೇಳು. ಒಳಗೆ ಕೇಳಿದ್ದು ಒಳಗೇ ಇರಲಿ, ನಮ್ಮನಮ್ಮಲ್ಲೂ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಹೊರಗೆ ಸಿಕ್ಕರೆ ನೀನಾಗಿ ಮಾತಾಡಿಸಬೇಡ. ಅವರು ಮಾತಾಡಿಸಿದರೆ ಸರಿ, ಇಲ್ಲವೋ, ನೀನು ಅವರನ್ನು ಕಂಡೇ ಇಲ್ಲ.

ಮರಾಠಿ ಬಾರದ ಇಂಪನಾಳಿಗೆ ಕೆಟಲ್ಲಿನ ಜವಾಬ್ದಾರಿ ಬಂತು. ಬಹಳ ದಿನ ಅವಳು ಹೆಂಗಸರ ಸೇವೆ ಮಾಡಿದ್ದೆಲ್ಲ ಚಹ ಕಾಸಿ.

ಒಂದು ಬುಧವಾರ ಶಿವಾನಿ ಬಂದಳು. ಬಂದವಳೇ ಸ್ನೇಹಲ್‌ಳನ್ನು ಮರಾಠಿಯಲ್ಲಿ ಕೇಳಿದಳು: ಇಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದಾರಾ? ಸ್ನೇಹಲ್ ಇಂಪನಾಳ ಕೈಯಿಂದ ಕಪ್ಪು ಕಸಿದುಕೊಂಡು ಒಳಗೆ ತಳ್ಳಿದಳು.

"ನಾ ಪುಣೆದಾಗ ಹುಟ್ಟಿದಾಕಿ," ಎಂದು ಶಿವಾನಿ ಶುರುಮಾಡಿದಳು. "ಮರಾಠಿ ನನಗ ಕನ್ನಡಕ್ಕಿಂತ ಛಲೋ ಬರ್ತದ. ಆದ್ರ ಈ ಮಾತು ಮರಾಠಿಯೊಳಗ ಹೇಳ್ಲಿಕ್ಕೆ ಆಗೂದಿಲ್ಲ. ನಮ್ಮವ್ವ ನನ್ನ ಮಾಮಾಗ ಕೊಡ್ತೀನಂತಾಳ. ಆಕಿ ಖಾಸ ತಮ್ಮಗ. ಈ ಮರಾಠಿ ಮಂದಿಯೊಳಗ ಮಾಮಾಗ ಕೊಡೂದಿಲ್ಲ. ಇವ್ರ ಮುಂದ ಹೇಳಿದ್ರ, ಅಯ್ಯಯ್ಯ ಸಖ್ಖಾ ಮಾಮಾ ಏನು, ಅಂತ ಬಾಯಿ ಮ್ಯಾಲ ಕೈ ಇಟ್ಕೋತಾರ. ನಮ್ಮವ್ವನ್ನ ರಾಕ್ಷಸಿ ಮಾಡಿಬಿಡ್ತಾರ. ನಮ್ಮವ್ವ ಅಂಥಾಕಿ ಅಲ್ಲ."

"ನಮ್ಮ ದೊಡ್ಡಮ್ಮನ ಮಗಳನ್ನೂ ಸೋದರಮಾವನಿಗೇ ಕೊಟ್ಟಿರೋದು," ಎಂದಳು ಇಂಪನಾ.

ಶಿವಾನಿ ಅಲ್ಲಿಯತನಕ ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಹಿಂದಕ್ಕೆ ಒರಗಿದಳು. ಮಾವ ಬಸವಪ್ರಭು ಚಾಕಣದ ಕಾರಿನ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಚಟವಿಲ್ಲ, ಸಿಟ್ಟಿಲ್ಲ. ಇವಳಿಗೆ ಸ್ಕೂಟಿ ಕಲಿಸುವಾಗ ಇವರ ಬಡಾವಣೆ ಕೋಥರೂಡದ ಗಲ್ಲಿಗಳಲ್ಲಿ ಹಿಂದೆ ಹಿಂದೆ ಓಡಿದವನು ಅವನೇ.

"ಕೆಟ್ಟವ ಇದ್ದಿದ್ರ ಛಲೋ ಆಗ್ತಿತ್ತು," ಎಂದಳು ಶಿವಾನಿ. "ಒಲ್ಲೆ ಅನ್ನಲಿಕ್ಕೆ ಒಂದು ಕಾರಣ ಸಿಗ್ತಿತ್ತು."

ಅಂದಿನಿಂದ ಪ್ರತಿ ಬುಧವಾರ. ಶಿವಾನಿ ಅವ್ವನನ್ನು ಬೈಯುವಳು, ಬೈದದ್ದಕ್ಕೆ ಅಳುವಳು, ನಡುವೆ ಏನೋ ನೆನಪಾಗಿ ನಕ್ಕುಬಿಡುವಳು. ಆ ನಗುವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂಪನಾ ಮಂಗಳವಾರವೇ ತಲೆಗೆ ಸ್ನಾನ ಮಾಡಿ ಒಳ್ಳೆಯ ಚೂಡಿದಾರ್ ತೆಗೆದಿಡತೊಡಗಿದಳು, ಹೆಣ್ಣು ನೋಡಲು ಬರುವವರಿದ್ದಾರೇನೋ ಎಂಬಂತೆ. ಇನ್ನೊಬ್ಬಳ ಸಂಕಟದ ದಿನಕ್ಕೆ ತಾನು ಹೀಗೆ ಕಾಯುವುದು ತಪ್ಪೆಂದು ಗೊತ್ತಿತ್ತು, ಆದರೂ ಕಾಯುತ್ತಿದ್ದಳು.

ಒಮ್ಮೆ ಕ್ಯಾಂಟೀನಿನಲ್ಲಿ ಶಿವಾನಿ ಗೆಳತಿಯರ ಗುಂಪಿನೊಂದಿಗೆ ಇವಳ ಮೇಜಿನ ಪಕ್ಕದಲ್ಲೇ ಹಾದುಹೋದಳು. ಕಣ್ಣು ಇವಳ ಮೇಲೆ ಬಿತ್ತು, ಗೋಡೆಯ ಮೇಲೆ ಬಿದ್ದ ಹಾಗೆ, ಮುಂದೆ ಹೋಯಿತು. ನಿಯಮ ಇಂಪನಾಳಿಗೆ ಬಾಯಿಪಾಠವಾಗಿತ್ತು. ಆದರೂ ಅಂದು ತಟ್ಟೆಯ ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ನವೆಂಬರಿನಲ್ಲಿ ಕನ್ನಡ ಸಂಘದವರು ಕೋಥರೂಡದಲ್ಲಿ ರಾಜ್ಯೋತ್ಸವದ ಊಟ ಇಟ್ಟುಕೊಂಡರು. ಇಂಪನಾ ಅನ್ನ ಸಾರಿನ ಆಸೆಗೆ ಹೋದರೆ ಅಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ತಟ್ಟೆ ಹಿಡಿದು ಎಲ್ಲಿ ಕೂರಲಿ ಎಂದು ನೋಡುತ್ತಿದ್ದಾಗ ದಪ್ಪ ಬಳೆಗಳ ಕೈಯೊಂದು ಅವಳ ರಟ್ಟೆ ಹಿಡಿಯಿತು.

"ಒಬ್ಬಾಕಿನ ಯಾಕ ನಿಂತೀಯವ್ವಾ? ಬಾ, ನಮ್ಮ ಬಾಜೂಕ ಕೂಡು."

ಹೆಂಗಸಿನ ಹೆಸರು ಶಿವಗಂಗವ್ವ. ಅವಳ ಪಕ್ಕದಲ್ಲಿ ಮುಖ ಬಿಳಿಚಿಕೊಂಡು ಕೂತಿದ್ದವಳು ಶಿವಾನಿ.

"ನಮಸ್ಕಾರ್ರಿ," ಎಂದಳು ಶಿವಾನಿ. "ಯಾವ ಊರು ನಿಮ್ದು?"

ಇಂಪನಾ ಊರು ಹೇಳಿದಳು. ಓದುವ ಜಾಗವನ್ನೂ ಹೇಳಬೇಕಾಯಿತು. "ಅಯ್ಯ, ನಮ್ಮ ಶಿವಾನಿನೂ ಅಲ್ಲೇ ಇದ್ದಾಳಲ್ಲ! ಭೇಟಿ ಆಗಿಲ್ಲೇನು?" ಎಂದಳು ಅವ್ವ. ಇಲ್ಲ ಎಂದರು ಇಬ್ಬರೂ ಒಟ್ಟಿಗೇ.

ಶಿವಗಂಗವ್ವ ಬೇಡವೆಂದರೂ ಕೇಳದೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು. "ಹಾಸ್ಟೆಲ್ಲಿನ ಕೂಳು ತಿಂದು ಎಷ್ಟು ಸೊರಗೀ! ಪ್ರತಿ ಐತವಾರ ನಮ್ಮನಿಗೆ ಊಟಕ್ಕ ಬಾ. ಇಲ್ಲೇ ಎರಡು ಗಲ್ಲಿ ದಾಟಿದ್ರ ನಮ್ಮ ಮನಿ." ಪುಣೆಗೆ ಬಂದಮೇಲೆ ಇಂಪನಾಳನ್ನು ಯಾರೂ ಹೀಗೆ ಗದರಿಸಿ ಉಣ್ಣಿಸಿರಲಿಲ್ಲ. ಅವಳಿಗೆ ಅಳು ಬರುವಂತಾಯಿತು.

ಶಿವಾನಿ ಕೈತೊಳೆಯಲು ಎದ್ದಳು. ಅವ್ವ ಇಂಪನಾಳ ಹತ್ತಿರ ಸರಿದಳು. ಎದುರು ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ರೊಟ್ಟಿ ಬಡಿಸುತ್ತಿದ್ದವನನ್ನು ತೋರಿಸಿದಳು.

"ಅಂವ ನನ್ನ ತಮ್ಮ. ನಮ್ಮ ಶಿವಾನಿನ್ನ ಅವನಿಗೆ ಕೊಡೂದದ. ಆದ್ರ ಮದುವಿ ಮಾತು ತೆಗೆದಾಗಿಂದ ಈ ಹುಡುಗಿ ಮಾತಾಡೂದಾ ಬಿಟ್ಟಾಳ. ವಾರಿಗಿಯಾಕಿ ನೀ, ನಿನ್ನ ಮುಂದ ಬಾಯಿ ಬಿಟ್ಟಾಳು. ಆಕಿ ಮನಸಿನ್ಯಾಗ ಏನದ, ತಿಳಕೊಂಡು ನನಗ ಹೇಳ್ತೀಯೇನು?"

ಇಷ್ಟವಿಲ್ಲಮ್ಮ ಅವಳಿಗೆ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಶಿವಾನಿಯ ಮದುವೆ ನಿಲ್ಲುತ್ತಿತ್ತೇನೋ, ಭಾನುವಾರದ ಊಟವೂ ಉಳಿಯುತ್ತಿತ್ತೇನೋ. ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಆದರೆ ಅದು ಶಿವಾನಿಯ ಮಾತು. ಅದನ್ನು ಇಲ್ಲಿ ಆಡಿದರೆ ಆ ಹುಡುಗಿ ಇನ್ನು ಯಾವ ಕೋಣೆಯಲ್ಲಿ ಬಾಯಿ ಬಿಡುತ್ತಾಳೆ? ಭಾನುವಾರ ಅವ್ವನ ಪಕ್ಕ ಉಂಡು ಬುಧವಾರ ಮಗಳ ಎದುರು ಕೂರುವುದಾದರೂ ಹೇಗೆ?

"ನನಗೆ ಅವರ ಪರಿಚಯಾನೇ ಇಲ್ವಲ್ಲಮ್ಮ," ಎಂದಳು ಇಂಪನಾ. "ನೀವೇ ಕೇಳಿ. ಕೇಳಿದ್ಮೇಲೆ ಅವರು ಹೇಳೋ ತನಕ ಸುಮ್ನೆ ಕೂತ್ಕೊಳ್ಳಿ. ಭಾನುವಾರ ನಂಗೆ ಬರೋಕಾಗಲ್ಲ. ಓದೋದಿರುತ್ತೆ."

ಸಲಹೆ ಕೊಡಬಾರದೆಂಬ ನಿಯಮ ಒಳಗೆ ಬಂದವರ ಮಟ್ಟಿಗೆ, ಅವರ ಅವ್ವಂದಿರ ವಿಷಯ ಸ್ನೇಹಲ್ ಹೇಳಿರಲಿಲ್ಲ.

ಶಿವಗಂಗವ್ವನ ಮುಖ ಸಣ್ಣದಾಯಿತು. "ಆತು ಬಿಡವ್ವಾ. ಬೆಂಗಳೂರು ಕಡಿಯವರು ನೀವು. ನಮ್ಮ ಮನಿ ರೊಟ್ಟಿ ನಿಮಗ ಸೇರೂದಿಲ್ಲ," ಎಂದು ಆ ಕಡೆ ತಿರುಗಿ ಕೂತಳು.

ಮುಂದಿನ ಬುಧವಾರ ಶಿವಾನಿ ಬಂದಳು. ಬಾಗಿಲು ಹಾಕಿಕೊಂಡು, ಕೂರದೆ ನಿಂತೇ ಹೇಳಿದಳು.

"ಅವ್ವ ಕೇಳಿದ್ಲು. ಅಡಗಿ ಮನ್ಯಾಗ ಕೂಡಿಸಿಕೊಂಡು ಕೇಳಿದ್ಲು, ನಾ ಹೇಳೂ ತನಕ ಹಲ್ಲು ಕಚ್ಚಿ ಸುಮ್ನ ಕೂತ್ಲು. ಒಲ್ಲೆ ಅಂದೆ. ಅತ್ಲು, ಬೈದ್ಲು, ಮಾತು ಬಿಟ್ಲು. ಆಮ್ಯಾಲ ತಾನ ಮಾಮಾಗ ಫೋನ್ ಹಚ್ಚಿ ಬ್ಯಾಡ ಅಂತ ಹೇಳಿದ್ಲು."

"ಮಾವ ಏನಂದ್ರು?"

"ಆತು ಅಂದ. ಈಗ ನಮ್ಮನಿಗೆ ಬರೂದು ಬಿಟ್ಟಾನ." ಶಿವಾನಿ ಮೂಗು ಒರೆಸಿಕೊಂಡಳು. "ಇನ್ನ ನಾ ಇಲ್ಲಿ ಬರೂದಿಲ್ಲ ಇಂಪನಾ. ಹೇಳೂದೇನೂ ಉಳಿದಿಲ್ಲ."

ಇಂಪನಾ ಪುಣೆಯಲ್ಲಿ ಯಾರ ಬಳಿಯೂ ಏನನ್ನೂ ಬೇಡಿದವಳಲ್ಲ. ಈಗ ಕೇಳಿಯೇಬಿಟ್ಟಳು. "ಹಾಗಾದ್ರೆ ಇನ್ಮೇಲೆ ಹೊರಗೆ ಮಾತಾಡಬಹುದಲ್ವಾ? ಭಾನುವಾರ ನಿಮ್ಮನೇಗೆ ಬರ್ಲಾ?"

ಶಿವಾನಿ ಅವಳ ಕೈ ಹಿಡಿದುಕೊಂಡಳು. ಹಿಡಿದ ರೀತಿಯಲ್ಲೇ ಇಂಪನಾಳಿಗೆ ಉತ್ತರ ಗೊತ್ತಾಯಿತು.

"ಬ್ಯಾಡ. ಅವ್ವನ ಬಗ್ಗೆ ನಾ ಏನೇನು ಅಂದೀನಿ, ಎಲ್ಲಾ ನಿನಗ ಗೊತ್ತದ. ನೀ ಯಾರ ಮುಂದನೂ ಆಡೂದಿಲ್ಲ, ಅದೂ ಗೊತ್ತದ ನನಗ. ಆದ್ರ ನೀ ನಮ್ಮ ಅಡಗಿ ಮನ್ಯಾಗ ಆಕಿ ಬಾಜೂಕ ಕೂತು ಉಂಡ್ರ, ನನಗ ತುತ್ತು ಇಳಿಯೂದಿಲ್ಲ. ಸಿಟ್ಟಾಗಬ್ಯಾಡ."

"ಇಲ್ಲ," ಎಂದಳು ಇಂಪನಾ, ಬಾಗಿಲು ತೆಗೆದು ಹಿಡಿದುಕೊಂಡಳು.

ಹೊರಗಿನ ಕೋಣೆಯಲ್ಲಿ ಸ್ನೇಹಲ್ ಕೆಟಲ್ಲಿಗೆ ನೀರು ತುಂಬುತ್ತಿದ್ದಳು. ಆ ಹುಡುಗಿ ಮುಂದಿನ ಬುಧವಾರವೂ ಬರುತ್ತಾಳಾ ಎಂದು ಕೇಳಿದಳು, ಕೋಣೆ ಕಾದಿರಿಸಬೇಕಿತ್ತು.

"ಇನ್ನು ಬರಲ್ಲ," ಎಂದಳು ಇಂಪನಾ ಹಿಂದಿಯಲ್ಲಿ. "ಅವಳಿಗಿನ್ನು ಇದರ ಅಗತ್ಯ ಇಲ್ಲ."

"ಅರೆ ವ್ಹಾ!" ಸ್ನೇಹಲ್ ಓಡಿಬಂದು ತಬ್ಬಿಕೊಂಡಳು. ಬಂದವರಿಗೆ ತಾನು ಬೇಡವಾದರೆ ಕೇಂದ್ರಕ್ಕೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ವಡಾಪಾವ್ ಬಂತು, ಖಾರದ ಮೆಣಸಿನಕಾಯಿ ಬಂತು, ಇದ್ದಬದ್ದ ಸ್ವಯಂಸೇವಕಿಯರೆಲ್ಲ ಇಂಪನಾಳ ಸುತ್ತ ನೆರೆದು ಬೆನ್ನು ತಟ್ಟಿದರು. ಅಷ್ಟು ಜನರ ನಡುವೆ ಅವಳು ಕೂತದ್ದು ಪುಣೆಯಲ್ಲಿ ಅದೇ ಮೊದಲು. ವಡಾಪಾವ್ ಕಚ್ಚಿದಳು, ಎಲ್ಲರೂ ನಕ್ಕಾಗ ನಕ್ಕಳು. ಒಳಗೆ ಏನಾಯಿತು ಎಂದು ಯಾರಾದರೂ ಒಂದು ಮಾತು ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಆದರೆ ಹಾಗೆ ಕೇಳುವುದು ಅಲ್ಲಿ ಪದ್ಧತಿಯಲ್ಲ, ಯಾರೂ ಕೇಳಲಿಲ್ಲ.