ಕಿಲ್ಟಿಗೊಪ್ಪುವ ಜೋಡು

ಇಷ್ಬೆಲ್‌ಳ ಮದುವೆ ಜೂನ್ ತಿಂಗಳಿಗೆಂದು ಗೊತ್ತಾಗಿತ್ತು. ಅದನ್ನು ಫೆಬ್ರವರಿಗೆ ತಂದದ್ದೇಕೆಂದು ಸ್ಕಾಟ್ಲೆಂಡಿನ ದ್ವೀಪದ ಸ್ಟಾರ್ನೋವೇ ಊರಿನಲ್ಲಿ ಯಾರೂ ಕೇಳಲಿಲ್ಲ. ಹುಡುಗಿಯ ಅಪ್ಪ ಟಾರ್ಮಡ್‌ನನ್ನು ಕಂಡವರಿಗೆ ಕೇಳುವ ಅಗತ್ಯವೂ ಇರಲಿಲ್ಲ. ಮೂವತ್ತು ವರ್ಷ ಬಂದರಿನ ಕಟ್ಟೆಯ ಮೇಲೆ ಹಡಗಿನ ಹಗ್ಗ ಹಿಡಿದು ಎಳೆದ ಆಳು. ಈಗ ಹೃದಯದ ಕಸುವು ಕುಂದಿ, ಮೈಯ ನೀರೆಲ್ಲ ಕಾಲಿಗೆ ಇಳಿದು ನಿಂತಿತ್ತು. ಪಾದದ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು, ಬಿದ್ದ ಗುಳಿ ಬಹಳ ಹೊತ್ತು ಹಾಗೇ ಇರುತ್ತಿತ್ತು. ಹೆಂಡತಿ ಎಫಿ ದಿನಾ ಬೆಳಗ್ಗೆ ಒತ್ತಿ ನೋಡುತ್ತಿದ್ದಳು.

ಮದುವೆಗೆ ಅವನು ಉಡಬೇಕಾದ ಕಿಲ್ಟಿನ, ಅಲ್ಲಿನ ಗಂಡಸರ ನೆರಿಗೆ ಲಂಗದ, ಚಿಂತೆ ಇರಲಿಲ್ಲ. ಅದರ ಪಟ್ಟಿ ಬಿಚ್ಚಿ ಎರಡು ಬೆರಳು ಆಚೆಗೆ ಹೊಲಿದಿದ್ದಳು. ಮೊಣಕಾಲಿನವರೆಗಿನ ಉಣ್ಣೆಯ ಕಾಲುಚೀಲವನ್ನು ಹೊಸದಾಗಿ ಅಗಲಕ್ಕೆ ಹೆಣೆದಿದ್ದಳು. ಉಳಿದದ್ದು ಶೂ.

ಮದುವೆಗೆ ಎರಡು ದಿನ ಮುಂಚೆ, ಗುರುವಾರ, ಇಬ್ಬರೂ ಫಿನ್ಲೇಯ ಅಂಗಡಿಗೆ ಹೋದರು. ಫಿನ್ಲೇ ಟಾರ್ಮಡ್‌ನ ಜೊತೆಯಲ್ಲೇ ಶಾಲೆಗೆ ಹೋದವನು. ಶೂ ಮಾರುವುದರ ಜೊತೆಗೆ ರಿಪೇರಿಯನ್ನೂ ತಾನೇ ಮಾಡುತ್ತಿದ್ದ.

"ಬಾರಪ್ಪಾ, ಹೆಣ್ಣಿನ ಅಪ್ಪ. ನಿನ್ನ ಸೈಜು ಒಂಬತ್ತಲ್ವಾ?"

"ಒಂಬತ್ತು ಆಗಿತ್ತು. ಈಗ ದೋಣಿ ಇದ್ರೆ ತೋರ್ಸು."

ಫಿನ್ಲೇ ನಗುತ್ತಲೇ ಮಂಡಿಯೂರಿ ಕೂತ. ಆ ಕಾಲು ಕೈಗೆ ಬಂದಮೇಲೆ ನಗು ನಿಂತಿತು. ಕಿಲ್ಟಿನ ಜೊತೆ ಹಾಕುವ ಲೇಸಿನ ಶೂ, ಬ್ರೋಗ್, ಹನ್ನೊಂದನೇ ಸೈಜಿನದು ತಂದ, ಹನ್ನೆರಡು ತಂದ. ಬೆರಳು ಒಳಗೆ ಹೋದರೆ ಹಿಮ್ಮಡಿ ಹೊರಗೇ ಉಳಿಯುತ್ತಿತ್ತು. ಬಕಲ್ಲಿನ ಶೂ ಅಂತೂ ಅರ್ಧಕ್ಕೇ ನಿಂತಿತು. ಎಳೆದೆಳೆದು ಟಾರ್ಮಡ್‌ನ ಹಣೆ ಬೆವೆತು ತುಟಿ ನೀಲಿಗಟ್ಟಿತು. ಎಫಿ ಅವನ ತೋಳು ಹಿಡಿದು, "ಸಾಕು, ಮನೆಗೆ ಹೋಗೋಣ" ಎಂದಳು.

ಮನೆಯಲ್ಲಿ ಅವನ ಅಕ್ಕ ಡೊಲೀನಾ ಕೇಕಿಗೆ ಸಕ್ಕರೆ ಲೇಪ ಹಚ್ಚುತ್ತಿದ್ದಳು. ಸುದ್ದಿ ಕೇಳಿ ಚಾಕು ಕೆಳಗಿಟ್ಟಳು.

"ಅದಕ್ಯಾಕೆ ಇಷ್ಟು ಒದ್ದಾಟ? ಗಾಲಿಕುರ್ಚಿ ತರ್ಸೋಣ. ಮನೇಲಿ ಹಾಕ್ಕೊಳ್ಳೋ ಚಪ್ಪಲೀನೇ ಇರ್ಲಿ, ಮೇಲೊಂದು ಕಂಬಳಿ ಹೊದಿಸಿದ್ರೆ ಯಾರಿಗೆ ಕಾಣ್ಸುತ್ತೆ?"

"ನಿಂಗೆ ಕಾಣ್ಸಲ್ವಾ ಅಕ್ಕ? ನನ್ನ ಕಾಲು ಮುಚ್ಚಿ ತಳ್ಕೊಂಡು ಹೋದ್ರೆ ಜನ ಇದು ಮದುವೆನೋ ಇನ್ನೊಂದೋ ಅಂದ್ಕೋತಾರೆ."

"ನಾಲಿಗೆ ಬಿಗಿ ಹಿಡಿಯೋ! ಮಗಳು ಮಹಡಿ ಮೇಲಿದಾಳೆ."

"ಅವಳು ಯಾಕೆ ಫೆಬ್ರವರೀಲಿ ಮದ್ವೆ ಆಗ್ತಿದಾಳೆ ಅಂತ ಅವಳಿಗೆ ಗೊತ್ತಿಲ್ವಾ?"

ಡೊಲೀನಾ ಮುಖ ತಿರುಗಿಸಿಕೊಂಡು ಮತ್ತೆ ಕೇಕಿನ ಕಡೆ ಬಾಗಿದಳು. ಲೇಪ ಒಂದು ಕಡೆ ದಪ್ಪಗಾಯಿತು.

ಮಾರನೆಯ ಬೆಳಗ್ಗೆ ಎಫಿ ಅವನಿಗೆ ಹೇಳದೆ ಕಪಾಟಿನಿಂದ ಅವನ ಹಳೆಯ ಬ್ರೋಗ್ ತೆಗೆದಳು. ಅವರಿಬ್ಬರ ಮದುವೆಗೆ ಕೊಂಡದ್ದು; ಮೂರು ಸಲ ತಳ ಹಾಕಿಸಿದ್ದು. ಈ ಬಗೆಯ ಶೂಗೆ ನಾಲಿಗೆಯಿಲ್ಲ, ಮುಂಭಾಗ ತೆರೆದೇ ಇರುತ್ತದೆ, ಉದ್ದನೆಯ ಲೇಸನ್ನು ಕಣಕಾಲಿಗೆ ಸುತ್ತಿ ಕಟ್ಟಬೇಕು. ಲೇಸನ್ನು ಎಷ್ಟು ಬೇಕಾದರೂ ಸಡಿಲಿಸಬಹುದು, ಹಿಮ್ಮಡಿಯ ಹತ್ತಿರ ಒಂದಿಷ್ಟು ಜಾಗ ಸಿಕ್ಕರೆ ಆಯಿತು ಎಂದು ಅವಳು ರಾತ್ರಿಯೆಲ್ಲ ಲೆಕ್ಕ ಹಾಕಿದ್ದಳು.

ಅಂಗಡಿಯಲ್ಲಿ ಫಿನ್ಲೇ ಶೂ ತಿರುಗಿಸಿ ತಿರುಗಿಸಿ ನೋಡಿದ.

"ಹಿಂದಿನ ಹೊಲಿಗೆ ಬಿಚ್ಚಿ, ಎರಡು ಬದೀನೂ ಸೀಳಿ, ಮೆತ್ತಗಿನ ತೊಗಲು ಸೇರಿಸ್ಬಹುದು. ಆದ್ರೆ ಎಫಿ, ಒಂದ್ಸಲ ಸೀಳಿದ್ರೆ ಮತ್ತೆ ಮುಂಚಿನ ಹಾಗಾಗಲ್ಲ. ಒಳ್ಳೇ ಮಾಲು ಇದು. ಊತ ಇಳಿದ್ಮೇಲೆ ಅವನು ನನ್ನ ಬೈಕೋಬಾರ್ದು."

"ಇಳಿಯಲ್ಲ ಫಿನ್ಲೇ."

ಆ ಮಾತು ತನ್ನ ಬಾಯಿಂದಲೇ ಬಂತೆಂದು ಎಫಿಗೆ ನಂಬಿಕೆಯಾಗಲಿಲ್ಲ. ಡಾಕ್ಟರ ಮುಂದೆ ತಲೆಯಾಡಿಸಿದ್ದಳು, ಮಗಳ ಮುಂದೆ ಹೊಸ ಮಾತ್ರೆಯ ಗುಣ ಹೇಳಿದ್ದಳು, ಚರ್ಚಿನಲ್ಲಿ ಕೇಳಿದವರಿಗೆ ಪರವಾಗಿಲ್ಲ ಎಂದಿದ್ದಳು. ಪಾಲಿಶಿನ ವಾಸನೆಯ ಈ ಅಂಗಡಿಯಲ್ಲಿ, ಹೊರಗೆ ಸೀಗಲ್ ಹಕ್ಕಿಗಳು ಮೀನಿಗೆ ಕಿತ್ತಾಡುತ್ತಿದ್ದಾಗ, ಹೇಳಿಬಿಟ್ಟಿದ್ದಳು. ಫಿನ್ಲೇ ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ. ಅವನು ಕತ್ತಿ ಮಸೆಯುವುದನ್ನು, ಮೊದಲ ಸೀಳು ಹಾಕುವುದನ್ನು ನಿಂತೇ ನೋಡಿದಳು.

ಸಂಜೆ ಶೂ ಕಂಡ ಟಾರ್ಮಡ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಇದನ್ನ ಕತ್ತರಿಸಿಬಿಟ್ಯಾ?"

"ಹೂಂ."

"ಕೇಳ್ದೇನೇ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅವನು ಶೂವನ್ನು ಕಾಲ ಬಳಿ ನೆಲಕ್ಕಿಟ್ಟ. ಆಮೇಲೆ, "ಸರಿ ಬಿಡು" ಎಂದ. "ಊತ ಇನ್ನು ಇಳಿಯಲ್ಲ ಅಂತ ನಂಗೆ ಮಾತ್ರ ಗೊತ್ತು ಅಂದ್ಕೊಂಡಿದ್ದೆ, ನಿಂಗೆ ಹೆಂಗಪ್ಪಾ ಹೇಳೋದು ಅಂತ ಒದ್ದಾಡ್ತಿದ್ದೆ." ಎಫಿ ಅವನ ಕಾಲ ಬಳಿ ಕೂತು ಕಾಲುಚೀಲ ಏರಿಸಿದಳು, ಶೂ ತೊಡಿಸಿದಳು. ಹಿಮ್ಮಡಿ ಒಳಗೆ ಇಳಿಯಿತು. ಇಬ್ಬರೂ ಅತ್ತರು, ಅವನು ಸದ್ದಿಲ್ಲದೆ, ಅವಳು ಅವನ ಮೊಣಕಾಲಿಗೆ ಮುಖವಿಟ್ಟು.

ಶನಿವಾರ ಚರ್ಚಿನ ಬಾಗಿಲಲ್ಲಿ ಟಾರ್ಮಡ್ ಮಗಳ ತೋಳು ಹಿಡಿದು ನಿಂತಾಗ ಮೇಲುಗಡೆ ಗಾಳಿಗೆ ಹಂಚು ಗಡಗಡ ಎನ್ನುತ್ತಿತ್ತು. ಅರ್ಧ ದಾರಿಗೆ ಅವನ ಉಸಿರು ಕಟ್ಟಿತು. ಇಷ್ಬೆಲ್ ನಿಂತಳು. ಸೆರಗಿನಂಥ ತನ್ನ ಬಿಳಿ ಮುಸುಕು ಯಾವುದಕ್ಕೋ ಸಿಕ್ಕಿಕೊಂಡಿದೆಯೆಂಬಂತೆ ಹಿಂದೆ ತಿರುಗಿ, ನಿಧಾನವಾಗಿ ಬಿಡಿಸಿದಳು. ಮುಸುಕು ಎಲ್ಲಿಯೂ ಸಿಕ್ಕಿರಲಿಲ್ಲ. ಅವನು ಬೆಂಚಿನ ಅಂಚು ಹಿಡಿದು ಉಸಿರು ತಂದುಕೊಂಡ.

"ಆಯ್ತಾ ಅಪ್ಪ?"

"ನಡಿ ಪುಟ್ಟಿ. ನಿನ್ನ ಗಂಡು ಓಡಿಹೋಗ್ತಾನೆ."

ಮುಂದಿನ ಸಾಲಿನಲ್ಲಿ ಡೊಲೀನಾ ಕರವಸ್ತ್ರ ಕಚ್ಚಿಕೊಂಡಿದ್ದಳು. ಎಫಿ ಮಾತ್ರ ಅವನ ಪಾದಗಳನ್ನೇ ನೋಡುತ್ತಿದ್ದಳು. ಒಂದೊಂದು ಹೆಜ್ಜೆಗೂ ಲೇಸು ಮಾಂಸದಲ್ಲಿ ಹೂತುಹೋಗುತ್ತಿರುವುದು ಅವಳಿಗೆ ಮಾತ್ರ ಗೊತ್ತಿತ್ತು.

ಊಟದ ಸಭಾಂಗಣದಲ್ಲಿ ಮೊದಲ ಕುಣಿತ ಮುಗಿಯುವವರೆಗೂ ಅವನು ಲೇಸು ಬಿಚ್ಚಗೊಡಲಿಲ್ಲ. ಎಫಿ ಒಂದು ಕಾಲಿನದನ್ನು ಬಿಚ್ಚಿದಾಗ ಕಾಲುಚೀಲದ ಮೇಲೆ ರಕ್ತದ ಗೆರೆಗಳಿದ್ದವು. ಇಷ್ಬೆಲ್ ಬಿಳಿ ಲಂಗದಲ್ಲೇ ನೆಲಕ್ಕೆ ಕೂತು ಇನ್ನೊಂದು ಕಾಲಿನದನ್ನು ಬಿಚ್ಚಿದಳು.

ಹನ್ನೊಂದು ದಿನಕ್ಕೆ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ, ಮಧ್ಯಾಹ್ನ, ಎಫಿ ಪಕ್ಕದಲ್ಲಿದ್ದಾಗ. ಇಷ್ಬೆಲ್ ಓಡಿ ಬರುವಷ್ಟರಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

"ಅಪ್ಪ ಕೊನೇಗೆ ಏನಾದ್ರೂ ಅಂದ್ನಾ ಅಮ್ಮ?"

ಎಫಿ ನೆನಪಿಸಿಕೊಂಡಳು.

"ಟೀ ತಣ್ಣಗಾಗಿದೆ ಅಂದ. ಬೇರೆ ತರೋಕೆ ಎದ್ದೆ. ಬೇಡ ಕೂತ್ಕೋ ಅಂದ."